ತಳ ಕಾಣದ ಬಾಟಲಿ

ಕೋವಿಡ್ ಅಲೆಗಳು ತಗ್ಗಿದ ಮೇಲಿನ ಮಾತು. ಖಾನಾಪುರ ತಾಲ್ಲೂಕಿನ ಸಣ್ಣದೊಂದು ಖಾಸಗಿ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ನಾವು ಮೂವರಿದ್ದೆವು: ಆಸ್ಪತ್ರೆ ನಡೆಸುವ ಡಾಕ್ಟರು, ಹಿರಿಯ ನರ್ಸ್ ಕಸ್ತೂರಿ ಮತ್ತು ನಾನು. ಮಂಚದ ಮೇಲೆ ಕಣಕುಂಬಿ ಕಡೆಯ ಬಾಣಂತಿ. ಸಿಜೇರಿಯನ್ ಹೊಲಿಗೆ ಬಿಚ್ಚಿಕೊಂಡು ಹಸಿರು ಕೀವು ಸೋರುತ್ತಿತ್ತು. ಆ ಮಳೆಗಾಲದಲ್ಲಿ ಹೀಗಾದವರಲ್ಲಿ ಅವಳು ಮೊದಲನೆಯವಳಲ್ಲ.

ನಾನು ಆಗ ಬೆಳಗಾವಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಸೋಂಕು ನಿಯಂತ್ರಣ ನರ್ಸ್. ಅಂದರೆ, ಬಂದ ರೋಗಿಗೆ ಆಸ್ಪತ್ರೆಯೇ ಹೊಸ ರೋಗ ಅಂಟಿಸದಂತೆ ಕಾಯುವವಳು. ಹಳ್ಳಿಯ ನರ್ಸ್‌ಗಳ ಜೊತೆಗಿದ್ದು ಕಲಿಸುವ ಒಪ್ಪಂದದ ಮೇಲೆ ವಾರಕ್ಕೊಮ್ಮೆ ಇಲ್ಲಿಗೆ ಬರುತ್ತಿದ್ದೆ. ಮೊದಲ ದಿನವೇ ಎಲ್ಲರೆದುರು ಮಾತು ಕೊಟ್ಟಿದ್ದೆ: ತಪ್ಪನ್ನು ಹುಡುಕುತ್ತೇವೆ, ತಪ್ಪು ಮಾಡಿದವರನ್ನಲ್ಲ. ಡಾಕ್ಟರೂ ತಲೆಯಾಡಿಸಿದ್ದರು.

“ಕಾಡಿನ ಮಂದಿ ರೀ ಮೇಡಂ,” ಬಾಣಂತಿಗೆ ಕೇಳುವಂತೆಯೇ ಡಾಕ್ಟರು ಅಂದರು. “ಮನ್ಯಾಗ ದನದ ಬಾಜು ಮಲಗ್ತಾರ. ಕೀವಾದ್ರ ನಮ್ಮ ಮೈಮ್ಯಾಲ ಬರ್ತಾರ.”

“ನಾ ಇನ್ನೂ ಮನಿಗೇ ಹೋಗಿಲ್ರಿ ಸಾಹೇಬ್ರ,” ಅಂದಳು ಅವಳು.

ಹಾಗಾದರೆ ರೋಗ ಇಲ್ಲಿಯದೇ. ನನ್ನ ಕಣ್ಣು ಗಾಯ ಒರೆಸುವ ದ್ರಾವಣದ ಬಾಟಲಿಯ ಮೇಲೆ ನಿಂತಿತು.

“ಕಸ್ತೂರಿ, ಇದು ಖಾಲಿ ಆದಮ್ಯಾಲ ಏನ್ ಮಾಡ್ತಿಯವ್ವಾ?”

ಅವಳ ಮುಖ ಅರಳಿತು. “ಖಾಲಿ ಆಗಾಕ ಬಿಟ್ರ ಅಲ್ರಿ ಅಕ್ಕಾರ? ತಳ ಕಾಣೂದ್ರಾಗ ಮ್ಯಾಲ ಸುರೀತೀನಿ. ನಮ್ಮತ್ತಿ ಹಿಟ್ಟಿನ ಡಬ್ಬಿನೂ ಬರಿದು ಮಾಡಗೊಡೂದಿಲ್ಲ. ಮುಗದೈತಿ ಅನಬಾರದು, ತುಂಬೈತಿ ಅನಬೇಕು ಅಂತಾಳ.”

ನನ್ನಜ್ಜಿಯೂ ಹಾಗೇ ಅನ್ನುತ್ತಿದ್ದಳು. ಹಿಟ್ಟಿಗೆ ಆ ಮಾತು ಸಲ್ಲುತ್ತದೆ. ನೀರು ಬೆರೆಸಿದ ದ್ರಾವಣಕ್ಕೆ ಸಲ್ಲದು. ಉಳಿದದ್ದನ್ನು ಚೆಲ್ಲಿ, ಬಾಟಲಿ ತೊಳೆದು, ಒಣಗಿಸಿ, ಆಮೇಲೆ ಹೊಸದು ತುಂಬಬೇಕು. ಹಳೆಯದರ ಮೇಲೇ ಸುರಿಯುತ್ತ ಹೋದರೆ ಸ್ಯೂಡೋಮೊನಾಸ್ ಎಂಬ ರೋಗಾಣು ಔಷಧಿಯೊಳಗೇ ಬೆಳೆಯುತ್ತದೆ. ಬಾಟಲಿಯದೂ ಗಾಯದ್ದೂ ಮಾದರಿ ಬೆಳಗಾವಿಯ ಲ್ಯಾಬಿಗೆ ಹೋದವು. ಎರಡರಲ್ಲೂ ಅದೇ ರೋಗಾಣು.

ಎಲ್ಲ ಪಾಳಿಯ ನರ್ಸ್‌ಗಳೂ ಹಾಗೆಯೇ ಸುರಿಯುತ್ತಿದ್ದರು. ಬಾಯಿಬಿಟ್ಟು ಹೇಳಿದವಳು ಕಸ್ತೂರಿ ಒಬ್ಬಳೇ. ಅವಳ ಕೆಲಸದ ಗುತ್ತಿಗೆ ಆ ತಿಂಗಳು ಮುಗಿಯುವುದಿತ್ತು. ಹಾಸಿಗೆ ಹಿಡಿದ ಗಂಡ, ಅತ್ತೆ, ಇಬ್ಬರು ಮಕ್ಕಳು ಅವಳ ಸಂಬಳದ ಮೇಲೇ ಇದ್ದರು.

ಡಾಕ್ಟರು ನರ್ಸ್‌ಗಳನ್ನೆಲ್ಲ ಸೇರಿಸಿದರು. “ಮಂದಿ ಮೊಸರಿಗೆ ಹೆಪ್ಪ ಹಾಕ್ತಾರ. ನಮ್ಮ ಕಸ್ತೂರಿಬಾಯಾರು ಕೀವಿಗೆ ಹೆಪ್ಪ ಹಾಕ್ಯಾರ ನೋಡ್ರಿ.”

ತಾವೂ ಹಾಗೇ ಸುರಿದ ಹುಡುಗಿಯರು ನಕ್ಕರು.

“ಅಕ್ಕಾರ, ಯಾರ ಹೆಸರೂ ಬರೂದಿಲ್ಲ ಅಂದಿದ್ರಲ್ರಿ,” ಕಸ್ತೂರಿ ನನ್ನ ಕಡೆ ತಿರುಗಿದಳು.

“ಡಾಕ್ಟ್ರ,” ನಾನು ಅಂದೆ, “ಎಲ್ಲಾರೂ ಮಾಡಿದ್ದು ಅದನ್ನ. ಈಕಿ ಹೇಳಿದ್ದಕ್ಕ ಗೊತ್ತಾತು. ಈಕಿನ್ನ ತಗದ್ರ ನಾಳೆ ಯಾರು ಬಾಯಿ ಬಿಡ್ತಾರ?”

“ಬಾಣಂತಿ ಗಂಡ ಹೊರಗ ನಿಂತಾನ. ಅವಗ ಬಾಟ್ಲಿ ತೋರಸ್ಲೇನು? ಒಂದು ಹೆಸರು ಬೇಕ್ರಿ ಮೇಡಂ.”

ಬೆಳಗಾವಿಯ ನಮ್ಮ ಮೇಲಿನವರ ಬಳಿ ಹೋದೆ. ಗುತ್ತಿಗೆ ಆ ಆಸ್ಪತ್ರೆಯ ಒಳಗಿನ ವಿಷಯ, ನಮಗೆ ಕಲಿಸುವುದಷ್ಟೇ ಕೆಲಸ ಎಂದರು. ಬಾಣಂತಿಗೆ ಮತ್ತೆ ಹೊಲಿಗೆ ಹಾಕಿದರು. ತಿಂಗಳುಗಟ್ಟಲೆ ನರಳಿ ವಾಸಿಯಾದಳು. ಕಸ್ತೂರಿಯ ಗುತ್ತಿಗೆ ಮುಂದುವರಿಯಲಿಲ್ಲ. ಕೀವಿನ ಕಥೆ ಅವಳಿಗಿಂತ ಮೊದಲೇ ಊರೂರು ತಲುಪಿತ್ತು. ಯಾವ ಆಸ್ಪತ್ರೆಯೂ ಅವಳನ್ನು ಸೇರಿಸಿಕೊಳ್ಳಲಿಲ್ಲ.

ಬಾಟಲಿ ತೊಳೆಯುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ನಿಜ ಹೇಳಿದವರ ಅನ್ನ ಉಳಿಸಲಾಗದ ಕಡೆ ಬೇರೇನು ಕಲಿಸಿದರೂ ನಿಲ್ಲುವುದಿಲ್ಲ. ಈ ವೃತ್ತಿ ನನಗೆ ಕಲಿಸಿದ್ದು ಅದು.

ದೀಪಾವಳಿ ಕಳೆದ ಮೇಲೆ ಅದೇ ವಾರ್ಡಿನಲ್ಲಿ ಇನ್ನೊಬ್ಬ ಬಾಣಂತಿಯ ಹೊಲಿಗೆ ಕೀವಾಯಿತು. ಈಕೆಗೆ ಡ್ರೆಸ್ಸಿಂಗ್ ಯಾರು ಮಾಡಿದಿರಿ, ಹೇಗೆ ಮಾಡಿದಿರಿ ಎಂದು ನರ್ಸ್‌ಗಳನ್ನು ಕೇಳಿದೆ. ಒಬ್ಬೊಬ್ಬರಾಗಿ ಎಲ್ಲರೂ ಒಂದೇ ಮಾತು ಹೇಳಿದರು.

“ಗೊತ್ತಿಲ್ರಿ ಮೇಡಂ.”