ಸಿಟ್ಟು ಇಳಿದಿತ್ತು, ಬಿಪಿ ಇಳಿದಿರಲಿಲ್ಲ

೨೦೨೩ರಲ್ಲಿ ನಾನು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಊರವರಿಗೆ ನಾನು ಸಿಸ್ಟರ್, ಅಷ್ಟೆ. ಬಿಪಿ, ಸಕ್ಕರೆ ಪರೀಕ್ಷಿಸುವುದು, ಮಾತ್ರೆ ನಿಲ್ಲಿಸಿದವರನ್ನು ಮನೆಗೇ ಹೋಗಿ ವಿಚಾರಿಸುವುದು ನನ್ನ ಕೆಲಸ.

ಜೂನ್ ೧೪ರಂದು ನಂಜುಂಡಪ್ಪನವರ ಮನೆಗೆ ಹೋದೆ. ಅವರಿಗೆ ಎಪ್ಪತ್ತೊಂದು ವರ್ಷ. ಮನೆಯ ಹಿಂದೆ ರೇಷ್ಮೆ ಸೀರೆ ನೇಯುವ ನಾಲ್ಕು ಪವರ್‌ಲೂಮ್. ಫೆಬ್ರವರಿಯಿಂದ ಅವರು ಬಿಪಿ ಮಾತ್ರೆಗೆ ಬಂದಿರಲಿಲ್ಲ. ಕಾರಣ ಕೇಳಿದಾಗ ಮಗ ಮಂಜುನಾಥ ಮಗ್ಗ ನಿಲ್ಲಿಸಿ ಬಂದ.

“ಅಪ್ಪಂಗೆ ಈಗ ಬಿಪಿ ಇಲ್ಲ ಸಿಸ್ಟರ್. ಮುಂಚೆ ಒಂದು ಎಳೆ ತಪ್ಪಿದ್ರೆ ಬೀದಿಗೆಲ್ಲ ಕೇಳ್ಸೋ ಹಂಗೆ ಕೂಗಾಡೋರು. ಈಗ ಪೂರ್ತಿ ಶಾಂತ.”

“ಮದ್ವೆ ಆದಾಗ್ಲಿಂದ ಬೇಡ್ಕೊಂಡಿದ್ದೆ. ದೇವ್ರು ಈಗ ಕಣ್ಬಿಟ್ಟ,” ಎಂದು ಹೆಂಡತಿ ಗೌರಮ್ಮ ನಕ್ಕರು.

ಬಿಪಿ ಎಂದರೆ ಸಿಟ್ಟು ಎಂದೇ ಆ ಮನೆಯವರು ತಿಳಿದಿದ್ದರು. ಸಿಟ್ಟು ಹೋಯಿತು, ಮಾತ್ರೆಯನ್ನೂ ಬಿಟ್ಟರು. ನಂಜುಂಡಪ್ಪನವರ ತೋಳಿಗೆ ಪಟ್ಟಿ ಕಟ್ಟಿ ನೋಡಿದೆ: ೧೭೮/೧೦೪.

ಅಂಕಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಕೈ ಚಾಚಿ ಎಂದಾಗ ಚಾಚಿದರು. ಇಳಿಸಿ ಎನ್ನುವವರೆಗೂ ಹಾಗೇ ಹಿಡಿದಿದ್ದರು. ಹೆಜ್ಜೆ ನಿಧಾನವಾಗಿತ್ತು. ಕರೆದರೆ ಊಟ, ಇಲ್ಲದಿದ್ದರೆ ಇಲ್ಲ. ಮಗ್ಗದ ಕೋಣೆಗೆ ಕಾಲಿಟ್ಟು ತಿಂಗಳುಗಳಾಗಿದ್ದವು. ಮಗನನ್ನು ಹೊರಗೆ ಕಳಿಸಿ, ಖಿನ್ನತೆ ಗುರುತಿಸಲು ನಾವು ಕೇಳುವ ಪ್ರಶ್ನೆಗಳನ್ನು ಕೇಳತೊಡಗಿದೆ. ಹೆಂಡತಿ ಇರಲಿ ಎಂದು ಅವರೇ ಸನ್ನೆ ಮಾಡಿದರು.

“ತಾತ, ಬದುಕಿರೋದೇ ಬೇಡ ಅನ್ಸುತ್ತಾ?”

“ದಿನಾ ಅನ್ಸುತ್ತೆ.”

ಗೌರಮ್ಮ ಗಂಡನ ಕಡೆ ತಿರುಗಿದರು. “ನಂಗ್ಯಾಕೆ ಹೇಳ್ಲಿಲ್ಲ?”

“ನೀನು ಖುಷಿಯಾಗಿದ್ದೆ.”

ಅವರನ್ನು ಒಂಟಿಯಾಗಿ ಬಿಡಬೇಡಿ ಎಂದು ಹೇಳಿ, ಆವತ್ತೇ ವೈದ್ಯರ ಬಳಿ ಕರೆದುಕೊಂಡು ಹೋದೆ. ವೈದ್ಯರು ಬಿಪಿಗೆ ಮತ್ತೆ ಮಾತ್ರೆ ಶುರು ಮಾಡಿ, ಬೆಂಗಳೂರಿನ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿಗೂ ನಾನು ಜೊತೆಗೆ ಹೋದೆ. ಮಿದುಳಿನ ಎಂಆರ್‌ಐ ಸ್ಕ್ಯಾನ್ ಆಯಿತು. ವರ್ಷಗಳ ಬಿಪಿಯಿಂದ ಮಿದುಳಿನ ಒಳಭಾಗದ ಸಣ್ಣ ರಕ್ತನಾಳಗಳು ಹಾಳಾಗಿವೆ ಎಂದರು ಮನೋವೈದ್ಯೆ. ಇಳಿವಯಸ್ಸಿನ ಖಿನ್ನತೆಗೂ ಇದಕ್ಕೂ ನಂಟಿದೆ, ಆದರೆ ಇದೊಂದೇ ಕಾರಣ ಎನ್ನಲಾಗದು ಎಂದೂ ಹೇಳಿದರು. ಅಳುವುದಕ್ಕಿಂತ ಮಂಕಾಗುವುದು, ಯಾವುದೂ ಬೇಡವಾಗುವುದೇ ಇಂಥವರಲ್ಲಿ ಹೆಚ್ಚಂತೆ. ಖಿನ್ನತೆಗೂ ಮಾತ್ರೆ ಕೊಟ್ಟರು.

ವಾಪಸ್ ಬರುವಾಗ ಬಸ್ಸಿನಲ್ಲಿ ಗೌರಮ್ಮ ಮೆಲ್ಲಗೆ ಕೇಳಿದರು: “ಮಾತ್ರೆ ನುಂಗಿದ್ರೆ ಹಳೇ ಸಿಟ್ಟೂ ವಾಪಸ್ ಬರುತ್ತಾ ಸಿಸ್ಟರ್?”

“ಬಂದ್ರೂ ಬರ್ಬೋದಮ್ಮ.”

ಅವರು ಮಾತ್ರೆಯ ಪೊಟ್ಟಣವನ್ನು ಸೆರಗಿಗೆ ಗಂಟು ಹಾಕಿಕೊಂಡರು. “ಬರ್ಲಿ ಬಿಡಿ. ಬೈದ್ರೆ ನಾನೂ ತಿರುಗಿ ಬೈತೀನಿ. ಸುಮ್ನೆ ಕೂತಿರೋರ್ನ ಏನ್ಮಾಡ್ಲಿ?”

ಅಂದಿನಿಂದ ಎರಡೂ ಮಾತ್ರೆಗಳನ್ನು ಗೌರಮ್ಮನೇ ಕೈಯಾರೆ ಕೊಟ್ಟರು. ಡಿಸೆಂಬರ್ ಹೊತ್ತಿಗೆ ಬಿಪಿ ೧೩೮/೮೪ಕ್ಕೆ ಇಳಿಯಿತು. ನಡಿಗೆ ಮೊದಲಿನಂತಾಗಲಿಲ್ಲ. ಆದರೆ ಸಾಯುವ ಯೋಚನೆ ಈಗ ಬರುವುದಿಲ್ಲ ಎಂದು ನಂಜುಂಡಪ್ಪನವರು ತಾವಾಗಿಯೇ ಹೇಳಿದರು.

ವಯಸ್ಸಾದವರು ಇರುವ ಮನೆಯಲ್ಲಿ ‘ತಾತ ಏನಾದರೂ ತೊಂದರೆ ಕೊಡುತ್ತಾರಾ’ ಎಂದು ಈಗ ನಾನು ಕೇಳುವುದಿಲ್ಲ. ಮುಂಚೆ ಏನೇನು ಮಾಡುತ್ತಿದ್ದರು, ಈಗ ಯಾವುದನ್ನು ಬಿಟ್ಟಿದ್ದಾರೆ ಎಂದು ಕೇಳುತ್ತೇನೆ. ಮನೆಯವರು ಹೇಳಿ ಮುಗಿಸಿದ ಮೇಲೆ, ಅದೇ ಪ್ರಶ್ನೆಯನ್ನು ತಾತನ ಪಕ್ಕ ಕೂತು ಅವರನ್ನೇ ಕೇಳುತ್ತೇನೆ.