ಡಾಕ್ಟರಮ್ಮ ನಕ್ಕ ವಿಡಿಯೊ

ನಮ್ಮ ಅತ್ತೆಯ ಎದೆಯಲ್ಲಿ ಗಂಟಿದೆ ಅನ್ನುವುದು ನನಗೆ ಗೊತ್ತಾದದ್ದು ಟಿವಿಯಿಂದ. ಅದನ್ನು ಪರೀಕ್ಷೆ ಮಾಡಿಸಲು ಅವರು ಒಪ್ಪಿದ್ದೂ ಟಿವಿಯಿಂದ. ಒಪ್ಪಿದವರು ಮೂರೇ ದಿನದಲ್ಲಿ ಸುತರಾಂ ಬರುವುದಿಲ್ಲ ಎಂದು ಕೂತದ್ದು ಮಾತ್ರ ನನ್ನಿಂದ.

ನಮ್ಮಿಬ್ಬರದು ಇಪ್ಪತ್ತನಾಲ್ಕು ವರ್ಷದ ಜಗಳ. ಹಿರೇಕೆರೂರು ಕಡೆಯಿಂದ ಅಕ್ಕಿಆಲೂರಿನ ಈ ಮನೆಗೆ ನಾನು ಸೊಸೆಯಾಗಿ ಬಂದ ವಾರವೇ, ನಾನು ಬಡಿದ ರೊಟ್ಟಿಯನ್ನು ಅವರು ಬಾಗಿಲ ಬೆಳಕಿಗೆ ಹಿಡಿದು, "ನಿಮ್ಮೂರಾಗ ಇದಕ್ಕ ರೊಟ್ಟಿ ಅಂತಾರೇನ?" ಎಂದು ಕೇಳಿದ್ದರು. ಅತ್ತೆ ಸವಣೂರಿನವರು. ಬಾಯಲ್ಲಿ ವೀಳ್ಯದೆಲೆ ಇಟ್ಟುಕೊಂಡೇ ಬೈಯುತ್ತಾರೆ, ಒಂದು ಹನಿ ಕೆಂಪು ಹೊರಗೆ ಬೀಳುವುದಿಲ್ಲ. ನನಗೆ ಆ ಶಿಸ್ತು ಬರಲಿಲ್ಲ. ನಾನು ಪಾತ್ರೆ ಕುಕ್ಕುವವಳು.

ಇಂಥ ನಾವಿಬ್ಬರೂ ಒಂದೇ ಕೋಣೆಯಲ್ಲಿ ಅರ್ಧ ತಾಸು ಕೂಡುತ್ತಿದ್ದದ್ದು ಸಂಜೆ ಏಳೂವರೆಗೆ, ಆ ಆಸ್ಪತ್ರೆಯ ಧಾರಾವಾಹಿಗೆ. ಅದರ ಹೆಸರು ಹೇಳುವುದಿಲ್ಲ, ಹೇಳಿದರೆ ನಿಮ್ಮ ಮನೆಯಲ್ಲೂ ಜಗಳವಾದೀತು. ಎಂಟು ವರ್ಷದಿಂದ ನಡೆದಿದೆ. ಅದರ ಡಾಕ್ಟರಮ್ಮನಿಗೆ ಎರಡು ಸಲ ಲಗ್ನವಾಗಿ, ಒಂದು ಸಲ ನೆನಪು ಹೋಗಿ ತಿರುಗಿ ಬಂದಿದೆ. ಅತ್ತೆ ಮಂಚದ ಮೇಲೆ, ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ. ಅತ್ತೆ ಡಾಕ್ಟರಮ್ಮನನ್ನು ನೋಡುತ್ತಿದ್ದರು, ನಾನು ರೋಗಗಳನ್ನು ನೋಡುತ್ತಿದ್ದೆ. ಸೋಮವಾರ ಅಲ್ಲಿ ಯಾರಿಗೋ ಕಿಡ್ನಿ ಕೆಟ್ಟರೆ ಮಂಗಳವಾರ ನನ್ನ ಸೊಂಟ ಹಿಡಿಯುತ್ತಿತ್ತು. ಪಂಚಾಯಿತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕಿಯಾಗಿರುವ ನಾನು, ಅಲ್ಲಿಗೆ ಬರುವ ಪೇಪರಿನ ಆರೋಗ್ಯದ ಪುಟವನ್ನು ಓದುಗರಿಗಿಂತ ಮೊದಲು ಓದಿ, ಮಧ್ಯಾಹ್ನದೊಳಗೆ ಒಂದು ಹೊಸ ಕಾಯಿಲೆ ಹೊಂದಿಸಿಕೊಳ್ಳುತ್ತಿದ್ದೆ. ಒಂದನ್ನೂ ಯಾವ ಡಾಕ್ಟರಿಗೂ ತೋರಿಸಿದವಳಲ್ಲ. ತೋರಿಸಿದರೆ ಇಲ್ಲ ಅಂದುಬಿಟ್ಟಾರು, ಇಲ್ಲವೇ ಇದೆ ಅಂದುಬಿಟ್ಟಾರು. ಎರಡಕ್ಕೂ ನನಗೆ ಧೈರ್ಯವಿರಲಿಲ್ಲ.

ಒಂದು ಭಾನುವಾರ ಮಹಾಸಂಚಿಕೆ ಇತ್ತು. ಎರಡು ತಾಸು. ಆಸ್ಪತ್ರೆಯಲ್ಲೇ ಒಂದು ಮದುವೆ, ಲಿಫ್ಟಿನಲ್ಲಿ ಒಂದು ಹೆರಿಗೆ, ನಡುವೆ ಎದೆಯ ಗಂಟನ್ನು ಮಕ್ಕಳಿಂದ ಮುಚ್ಚಿಟ್ಟುಕೊಂಡ ಒಬ್ಬ ಮುದುಕಿ. ಡಾಕ್ಟರಮ್ಮ ಅವಳ ಕೈ ಹಿಡಿದು ಮಶೀನಿನ ಮುಂದೆ ನಿಲ್ಲಿಸಿದಳು. ಮುದುಕಿ ಬದುಕಿದಳು. ಜಾಹೀರಾತು ಬಂತು.

ನಾನು ಅಡುಗೆಮನೆಗೆ ಹೋಗಿ, ಎಂದಿನಂತೆ, ನನ್ನ ಎದೆಯನ್ನೇ ಒತ್ತಿ ನೋಡಿಕೊಳ್ಳುತ್ತಿದ್ದೆ. ಅತ್ತೆ ಹಿಂದಿನಿಂದ ಬಂದರು.

"ನಿನಗೇನೂ ಇಲ್ಲ, ಬಿಡು. ನನಗೈತಿ."

"ಏನ್ ಐತ್ರಿ?"

ಅವರು ನನ್ನ ಕೈ ಹಿಡಿದು ತಮ್ಮ ರವಿಕೆಯ ಬದಿಗೆ ಒಯ್ದರು. ಇಪ್ಪತ್ತನಾಲ್ಕು ವರ್ಷದಲ್ಲಿ ನನ್ನ ಕೈ ಹಿಡಿದದ್ದು ಅದೇ ಮೊದಲು, ಹಿಡಿದ ರೀತಿ ಮಾತ್ರ ಕಳ್ಳರನ್ನು ಹಿಡಿದ ಹಾಗೆ. ಬೆರಳಿಗೆ ಸಿಕ್ಕಿತು. ಹುಣಸೆಬೀಜದಷ್ಟು, ಗಟ್ಟಿ.

"ಎಂದಿನಿಂದ?"

"ಉಗಾದಿ ಮುಂದ."

ಆಗಲೇ ಶ್ರಾವಣ ಮುಗಿದಿತ್ತು. ಜಗತ್ತಿನ ಎಲ್ಲ ರೋಗಗಳಿಗೂ ಹೆದರಿದ ನಾನು, ಎರಡು ಮಾರು ದೂರದ ಮಂಚದ ಮೇಲೆ ಒಂದು ನಿಜವಾದದ್ದು ಕೂತಿದ್ದನ್ನು ಕಂಡಿರಲಿಲ್ಲ.

ನಮ್ಮ ಮನೆಯವರು ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಫೋನು ಮಾಡಿ ಗುರುವಾರಕ್ಕೆ ಹೆಸರು ಹಚ್ಚಿದರು. ಅತ್ತೆ ಒಪ್ಪಿದರು. ಆದರೆ ಒಪ್ಪಿದ್ದನ್ನು ದಿನಕ್ಕೆ ಹತ್ತು ಸಲ ನನ್ನ ಮುಖಕ್ಕೆ ಎಸೆದರು. "ನೀ ಹೇಳಿದ್ರ ನಾ ಸತ್ರೂ ಹೋಗ್ತಿದ್ದಿಲ್ಲ. ಆ ಡಾಕ್ಟರಮ್ಮ ಹೇಳ್ಯಾಳ ಅಂತ ಹೊಂಟೇನಿ." ಡಾಕ್ಟರಮ್ಮ ಹೆಂಗ ಮೊಣಕೈ ತನಕ ಕೈ ತೊಳೀತಾಳ, ನೀ ನೋಡು. ಡಾಕ್ಟರಮ್ಮ ಎಷ್ಟು ಸಮಾಧಾನದಿಂದ ಮಾತಾಡ್ತಾಳ, ನೀ ನೋಡು.

ಬುಧವಾರ ಮುಂಜಾನೆ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಗಿತ್ತು. ಒಪ್ಪುತ್ತೇನೆ, ಹೆಚ್ಚಾಗಿತ್ತು. ಅತ್ತೆ ತಟ್ಟೆ ಸರಿಸಿ, "ಅಂಥಾ ಹೆಣ್ಮಗಳು ನನಗ ಸೊಸಿಯಾಗಿ ಬಂದಿದ್ರ ಈ ಗಂಟರ ಯಾಕ ಆಗ್ತಿತ್ತು" ಅಂದರು.

ನನ್ನ ತಲೆ ಕೆಟ್ಟಿತು. ಆ ಧಾರಾವಾಹಿಯವರು ಟಿವಿಯಲ್ಲಿ ತೋರಿಸದ ತುಣುಕುಗಳನ್ನು ಆ್ಯಪಿನಲ್ಲಿ ಹಾಕುತ್ತಾರೆ. ಶೂಟಿಂಗಿನಲ್ಲಿ ನಟರು ತಪ್ಪಿದ್ದು, ನಕ್ಕಿದ್ದು, ಬಿದ್ದದ್ದು. ಆ ಮಹಾಸಂಚಿಕೆಯದೂ ಬಂದಿತ್ತು. ನಾನು ಮೊಬೈಲನ್ನು ಅವರ ಮೂಗಿಗೆ ಹಿಡಿದೆ. "ತಗೋರಿ, ನೋಡ್ರಿ ನಿಮ್ಮ ದೇವರನ್ನ."

ಡಾಕ್ಟರಮ್ಮ ಮಾಸ್ಕನ್ನು ತಲೆಕೆಳಗಾಗಿ ಕಟ್ಟಿಕೊಂಡು ಬಂದಳು. ರೋಗದ ಹೆಸರು ನಾಲ್ಕು ಸಲ ತಪ್ಪಿ ಹೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಾಯಲಿಕ್ಕೆ ಬಿದ್ದಿದ್ದ ಮುದುಕಿ ಸ್ಟ್ರೆಚರಿನ ಮೇಲೆ ಕಾಲು ಇಳಿಬಿಟ್ಟು ಮಿರ್ಚಿ ಬಜ್ಜಿ ತಿನ್ನುತ್ತಿದ್ದಳು. ಒಬ್ಬ ಮನುಷ್ಯ ಬಂದು ಆ ದೊಡ್ಡ ಮಶೀನನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹೋದ. ಪ್ಲೈವುಡ್ಡಿನದು, ಮೇಲೆ ಬೆಳ್ಳಿ ಬಣ್ಣ.

ನಾನು ಗೆದ್ದಿದ್ದೆ. ಸುಳ್ಳು ಯಾಕೆ ಹೇಳಲಿ, ಹಾಲು ಕಾಯುವಷ್ಟು ಹೊತ್ತು ಬಹಳ ಸುಖವಾಯಿತು.

ಅತ್ತೆ ಆಗಷ್ಟೇ ಹಾಕಿಕೊಂಡಿದ್ದ ಎಲೆ ಉಗುಳಿ ಬಂದು ಮಂಚದ ಮೇಲೆ ಕೂತರು. "ಹಂಗಾದ್ರ ಮಶೀನೂ ಸುಳ್ಳ. ನಾಳಿಗೆ ನಾ ಬರಂಗಿಲ್ಲ."

"ಅತ್ತಿ, ಅದು ಟಿವಿ. ಹುಬ್ಬಳ್ಳ್ಯಾಗಿಂದು ಖರೇ ಮಶೀನ್ ಐತ್ರಿ."

"ಇದೂ ನಿನ್ನಿ ತನಕ ಖರೇನ ಇತ್ತಲ್ಲ."

ಗುರುವಾರ ಬಂತು, ಹೋಯಿತು. ನಮ್ಮ ಮನೆಯವರು ತಾಯಿಗೆ ಕೈ ಮುಗಿದರು, ನನಗೆ ಬೈದರು, ಮತ್ತೆ ಕೈ ಮುಗಿದರು. ಶುಕ್ರವಾರ ಸವಣೂರಿನಿಂದ ನಾದಿನಿ ಬಂದಳು. ಚಪ್ಪಲಿ ಬಿಡುವ ಮೊದಲೇ ಸುರು ಮಾಡಿದಳು.

"ನಮ್ಮವ್ವನ್ನ ಕೊಲ್ಲಾಕ ವಿಷ ಬ್ಯಾಡಾತು ನೋಡು ನಿನಗ, ಮೊಬೈಲ್ ಸಾಕಾತು."

"ನಾ ಬೇಕಂತ ಮಾಡ್ಲಿಲ್ಲ."

"ಬೇಕಂತನ ಮಾಡಿದಿ."

ಬೇಕಂತಲೇ ಮಾಡಿದ್ದೆ.

ಅದೇ ಆ್ಯಪಿನಲ್ಲಿ, ಅದೇ ಸಂಚಿಕೆಯ ಕೆಳಗೆ, ನಿಜವಾದ ಲೇಡಿ ಡಾಕ್ಟರೊಬ್ಬರು ಎದೆಯ ಗಂಟಿನ ಬಗ್ಗೆ ಹತ್ತು ನಿಮಿಷ ಮಾತಾಡಿದ ವಿಡಿಯೊ ಇತ್ತು. ತೋರಿಸಿದೆ. ಅತ್ತೆ ಕಣ್ಣು ಮಿಟುಕಿಸದೆ ಪೂರ್ತಿ ನೋಡಿದರು. ನನಗೆ ಜೀವ ಬಂತು.

"ಹೆಂಗ್ರಿ?"

"ಇಕಿ ಯಾವಾಗ ನಗ್ತಾಳ?" ಅಂದರು.

ಆ ಮೇಲಿನ ದಿನಗಳಲ್ಲಿ ನನ್ನ ಸೊಂಟನೋವು, ತಲೆಸುತ್ತು, ಎಡಗೈ ಜೋಮು ಎಲ್ಲ ಎಲ್ಲಿ ಹೋದವೋ. ಗ್ರಂಥಾಲಯದಲ್ಲಿ ಕೂತರೆ ಬೆರಳ ತುದಿಯಲ್ಲಿ ಆ ಹುಣಸೆಬೀಜ. ಇವತ್ತಿಗೆ ಬೆಳೆದಿರಬಹುದೇ, ನಾಳೆಗೆ ಎಷ್ಟಾದೀತು. ಅತ್ತೆ ಹೋದರೆ ಊರವರು ಏನಂದಾರು ಎಂಬುದೂ ಆ ಚಿಂತೆಯಲ್ಲಿ ಸೇರಿತ್ತು. ಅಷ್ಟೊಂದು ಒಳ್ಳೆಯವಳು ನಾನಲ್ಲ.

ಮರುವಾರ ಒಂದು ಮಧ್ಯಾಹ್ನ ನಾನು ಅವರ ಮುಂದೆ ಊಟದ ತಟ್ಟೆಯಿಟ್ಟು ಅಲ್ಲೇ ನಿಂತೆ.

"ನನ್ನ ಮ್ಯಾಲಿನ ಸಿಟ್ಟು ನನ್ನ ಮ್ಯಾಲ ತೀರಿಸ್ಕೋರಿ ಅತ್ತಿ. ನಿಮ್ಮ ಮೈ ಮ್ಯಾಲ ಯಾಕ?"

ಅವರು ರೊಟ್ಟಿ ಮುರಿದರು. ಅಗಿದರು. ನುಂಗಿದರು.

"ಮದ್ಲ ನೀ ಹೋಗು ಆ ಮಶೀನಿಗೆ. ನಾ ಹೊರಗ ಕುಂತಿರ್ತೇನಿ. ನೀ ಹೊರಗ ಬಂದಾಗ ನಿನ್ನ ಮಾರಿ ನೋಡ್ತೇನಿ. ನಿನಗ ನಾಟಕ ಬರಂಗಿಲ್ಲ, ಅದೊಂದು ನನಗ ಗೊತ್ತೈತಿ."

ಹೂಂ ಅಂದೆ.

ಮಂಗಳವಾರ ಬಸ್ಸಿನಲ್ಲಿ ಹೊರಟೆವು. ತಡಸ ದಾಟಿದ ಮೇಲೆ, "ಕಿಡಕಿ ಹಾಕು, ಗಾಳಿ" ಅಂದರು. ಹಾಕಿದೆ. "ಸೆಕಿ, ತಗಿ" ಅಂದರು. ತೆಗೆದೆ.

ಆಸ್ಪತ್ರೆಯಲ್ಲಿ ಡಾಕ್ಟರು ಅತ್ತೆಯನ್ನು ಪರೀಕ್ಷಿಸಿ ಚೀಟಿ ಬರೆದರು. ನನಗೂ ಬರೆದುಕೊಡ್ರಿ ಅಂದಾಗ ಏನು ತೊಂದರೆ ಎಂದು ಕೇಳಿದರು. "ಅಂಜಿಕಿ ಐತಿ ಅಕೀಗೆ" ಎಂದು ಅತ್ತೆಯೇ ಉತ್ತರ ಕೊಟ್ಟರು. ನಲವತ್ತೇಳು ಅಂದರೆ ಮಾಡಿಸಬೇಕಾದ ವಯಸ್ಸೇ ಎನ್ನುತ್ತ ಡಾಕ್ಟರು ಇನ್ನೊಂದು ಚೀಟಿ ಬರೆದರು.

ಒಳಗೆ ತಣ್ಣಗಿತ್ತು. ಯಾರೂ ನನ್ನ ಕೈ ಹಿಡಿಯಲಿಲ್ಲ. ಅಲ್ಲಿದ್ದ ಹುಡುಗಿ ನನ್ನನ್ನು ಹಿಟ್ಟಿನ ಮುದ್ದೆಯ ಹಾಗೆ ಎಳೆದು ಎರಡು ಹಲಗೆಗಳ ನಡುವೆ ಇಟ್ಟು, "ಉಸಿರು ಹಿಡೀರಿ" ಅಂದಳು. ನಾನು ಅಷ್ಟರೊಳಗೆ ಉಸಿರೇ ಮರೆತಿದ್ದೆ. ಹಲಗೆ ಒತ್ತಿತು. ಕಣ್ಣಲ್ಲಿ ನೀರು ಬಂತು.

ಹೊರಗೆ ಬಂದಾಗ ಅತ್ತೆ ಬಾಗಿಲಿಗೇ ನಿಂತಿದ್ದರು. ನನ್ನ ಮುಖವನ್ನು, ಅಂದಿನ ಆ ರೊಟ್ಟಿಗಿಂತ ಹೆಚ್ಚು ಹೊತ್ತು, ತಿರುಗಿಸಿ ತಿರುಗಿಸಿ ನೋಡಿದರು.

"ಬ್ಯಾನಿ ಆತೇನ?"

"ಆತ್ರಿ."

"ಎಷ್ಟ?"

"ನಿಮ್ಮ ಮಾತಿನಷ್ಟ ಅಲ್ಲ."

ಅವರು ತಮ್ಮ ಚೀಲವನ್ನು ನನ್ನ ಕೈಗೆ ತುರುಕಿ ಒಳಗೆ ಹೋದರು. ಬಾಗಿಲು ಮುಚ್ಚಿತು. ನಾನು ಆ ಚೀಲವನ್ನು ಅಪ್ಪಿಕೊಂಡು ನಿಂತೆ, ಕೂಡ್ರುವುದಾಗಲಿಲ್ಲ. ಹೊರಗೆ ಬಂದವರು ಸೆರಗು ಸರಿಮಾಡಿಕೊಳ್ಳುತ್ತ, "ಇಷ್ಟಕ್ಕ ಅಂಥಾ ಮಾರಿ ಮಾಡ್ಕೊಂಡು ಬಂದೇನ?" ಅಂದರು. ಅವರ ಕಣ್ಣೂ ಕೆಂಪಾಗಿತ್ತು. ನಾನು ನೋಡಿದೆ, ಅಂತ ಅವರಿಗೆ ಗೊತ್ತಾಗುವ ಹಾಗೆ ನೋಡಿದೆ.

ನನ್ನದರಲ್ಲಿ ಏನೂ ಇರಲಿಲ್ಲ. ಅವರದರಲ್ಲಿ ಇತ್ತು. ಸೂಜಿ ಹಾಕಿ ತೆಗೆದು ನೋಡಿದರು, ಕೆಟ್ಟದ್ದೇ. ಆದರೆ ಇನ್ನೂ ಹಬ್ಬಿಲ್ಲ, ಬೇಗ ತೆಗೆಸಿದರೆ ಆಯಿತು ಎಂದರು ಡಾಕ್ಟರು.

ಆಪರೇಶನ್ನಿನ ಹಿಂದಿನ ದಿನ ನಾದಿನಿ ತನ್ನ ಬಟ್ಟೆಗಂಟಿನ ಸಮೇತ ಬಂದಳು. "ಅವ್ವನ ಜೋಡಿ ದವಾಖಾನಿಯೊಳಗ ನಾ ಇರ್ತೇನಿ. ಇಕಿ ಬ್ಯಾಡ, ಇಕಿ ಮಾಡಿದ್ದು ಸಾಕು."

ಅತ್ತೆ ತಲೆ ಎತ್ತಲಿಲ್ಲ. ಎಲೆಗೆ ಸುಣ್ಣ ಸವರುತ್ತಿದ್ದರು.

"ನೀ ಅಳ್ತಿ. ಅಳಾವ್ರು ನನಗ ಬ್ಯಾಡ. ಅಲ್ಲಿ ನರ್ಸಗೋಳ ಜೋಡಿ ಜಗಳಾಡಾಕ ಒಬ್ರು ಬೇಕು. ಇಕೀನ ಬರ್ಲಿ."

ನಾದಿನಿ ನನ್ನನ್ನು ತಿನ್ನುವ ಹಾಗೆ ನೋಡಿದಳು. ನಾನು ಒಳಗೆ ಹೋಗಿ ಅತ್ತೆಯ ಎರಡು ಸೀರೆ, ನನ್ನ ಎರಡು ಸೀರೆ ಒಂದೇ ಚೀಲದಲ್ಲಿ ತುಂಬಿದೆ.

"ನನ್ನವು ಮ್ಯಾಲಿಡು, ಮುದುರ್ತಾವ" ಎಂದು ಹೊರಗಿನಿಂದ ಕೂಗಿದರು.

ನನ್ನವನ್ನೇ ಮೇಲಿಟ್ಟೆ.