ಅತ್ತಿಗೆ ಹಾಕಿದ ಟಿಕ್ಕು

ನಮ್ಮ ಕೋಲ್ಡ್ ಸ್ಟೋರೇಜಿನಲ್ಲಿ ಎಲ್ಲರಿಗಿಂತ ಹೆಚ್ಚು ಬೈಸಿಕೊಳ್ಳುವವರು ನನ್ನ ಅತ್ತಿಗೆ. ಬೈಯುವವರಲ್ಲಿ ನಾನೂ ಒಬ್ಬ. ನಾನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತೇನೆ. ಓದಿದ್ದು ಕಡಿಮೆ, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅತ್ತಿಗೆ ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾರೆ.

ಅಣ್ಣ ತೀರಿಕೊಂಡ ಮೇಲೆ ಅವರು ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದರು. ಉಳಿದವರೆಲ್ಲ ಅವರ ಮಗಳ ವಯಸ್ಸಿನವರು.

"ನಾಚಿಕೆ ಆಗಲ್ವಾ ಅತ್ತಿಗೆ?" ಅಂದೆ.

"ನನಗ್ಯಾಕೆ? ಪಕ್ಕದವಳು ನನ್ನ ನೋಡಿ ಕಾಪಿ ಹೊಡೀತಾಳೆ. ಆಗೋದಾದ್ರೆ ಅವಳಿಗೆ ಆಗ್ಲಿ."

ಅತ್ತಿಗೆಯ ಬಾಯಿ ಇಂಥದ್ದು. ಮಂಡಿ ಮಾತ್ರ ಹಾಗಿಲ್ಲ. ಸಂಜೆಯ ಹೊತ್ತಿಗೆ ಊದಿಕೊಂಡು ಮಡಚಲು ಬರುವುದಿಲ್ಲ. ಆಪರೇಷನ್ ಆಗಲೇಬೇಕು ಅಂತ ಡಾಕ್ಟರ್ ಹೇಳಿಯಾಗಿದೆ. ಕೆಲಸ ಕಾಯಂ ಆದವರಿಗೆ ಕಂಪನಿ ಆಸ್ಪತ್ರೆ ಖರ್ಚಿನ ಕಾರ್ಡು ಕೊಡುತ್ತದೆ, ಟೆಂಪರರಿಯವರಿಗೆ ಕೈ ತೊಳೆಯುವ ಸೋಪು ಕೊಡುತ್ತದೆ. ಅತ್ತಿಗೆ ಟೆಂಪರರಿ. "ಈ ಕಂಪ್ಯೂಟರ್ ಗಲಾಟೆ ಸರಿ ಮಾಡಿ, ಕಾಯಂ ಮಾಡೋಣ" ಅಂತ ಮ್ಯಾನೇಜರ್ ಎಲ್ಲರೆದುರೇ ಹೇಳಿದ್ದ.

ಗಲಾಟೆ ಏನೆಂದರೆ ಇದು. ನಮ್ಮ ಕಟ್ಟಡದ ಯಾವ ಕಂಪ್ಯೂಟರೇ ಆಗಲಿ, ಇಂಟರ್ನೆಟ್ಟಿಗೆ ಹೋಗಬೇಕಾದರೆ ಅತ್ತಿಗೆಯ ರೂಮಿನ ಒಂದು ಯಂತ್ರದ ಮೂಲಕ ಹೋಗಬೇಕು. ಅದಕ್ಕೆ ಪ್ರಾಕ್ಸಿ ಅನ್ನುತ್ತಾರೆ. ಹೊರಗಿನಿಂದ ಕೆಟ್ಟದ್ದೇನಾದರೂ ಬಂದರೆ ಅದನ್ನು ಅಲ್ಲೇ ತಡೆಯುತ್ತದೆ. ಬ್ರೌಸರಿನ ಸೆಟ್ಟಿಂಗಿನಲ್ಲಿ ಒಂದು ಪುಟ್ಟ ಚೌಕವಿದೆ. ಅದರಲ್ಲಿ ಟಿಕ್ ಇದ್ದರೆ ಆ ದಾರಿ, ತೆಗೆದರೆ ನೇರ ಹೊರಗೆ. ನೇರ ದಾರಿ ಬೇಗ. ಕೆಲವು ಪೇಜುಗಳು ನೇರ ದಾರಿಯಲ್ಲಿ ಮಾತ್ರ ತೆರೆಯುತ್ತವೆ. ಹಾಗಾಗಿ ಎಲ್ಲರೂ ಟಿಕ್ ತೆಗೆಯುತ್ತಿದ್ದರು.

ನಮ್ಮಲ್ಲಿ ಪಾಳಿ ಬದಲಾಗುವಾಗ ಹೋಗುವವನು ಬರುವವನಿಗೆ ದಪ್ಪ ಜಾಕೆಟ್ ಬಿಚ್ಚಿ ಕೊಡುತ್ತಾನೆ, ಬೀಗದಕೈ ಕೊಡುತ್ತಾನೆ, ಕಿವಿಯಲ್ಲಿ "ಟಿಕ್ ತೆಗ್ದಿದೀನಿ" ಅನ್ನುತ್ತಾನೆ. ಅದೂ ಸೇರಿದರೇ ಪಾಳಿ ಒಪ್ಪಿಸಿದ ಹಾಗೆ. ಅತ್ತಿಗೆ ಬೆಳಿಗ್ಗೆ ಕುಂಟುತ್ತಾ ಗೇಟಿಗೆ ಹೋಗಿ ಟಿಕ್ ಹಾಕುವರು, ತೂಕದ ಕೋಣೆಗೆ ಹೋಗಿ ಹಾಕುವರು, ಮೆಟ್ಟಿಲು ಹತ್ತಿ ಲೆಕ್ಕದವರ ಹತ್ತಿರ ಹಾಕುವರು. ಇಳಿದು ಬರುವಷ್ಟರಲ್ಲಿ ಗೇಟಿನದು ಮಾಯ. ನೋಡಿ ನೋಡಿ ನನಗೇ ಮೈ ಉರಿಯುತ್ತಿತ್ತು.

"ಒಬ್ಬೊಬ್ಬರ ಕೈ ಮುರೀಲಾ ಅತ್ತಿಗೆ?"

"ಕೈ ಮುರಿದ್ರೆ ಮೂಟೆ ಯಾರು ಎತ್ತೋದು, ನಿಮ್ಮಪ್ಪನಾ? ಹೋಗಿ ಮೈದುನ್ರೇ, ಗಾಡಿ ಕಾಯ್ತಿದೆ."

ಕೊನೆಗೆ ಅವರು ಕೂತಲ್ಲಿಂದಲೇ ಎಲ್ಲ ಕಂಪ್ಯೂಟರಿಗೂ ಒಂದೇ ನಿಯಮ ಕಳಿಸುವುದನ್ನು ಕಲಿತರು. ಕಳಿಸಿದರೆ ಆ ಚೌಕವೇ ಮಸುಕಾಗಿಬಿಡುತ್ತದೆ, ಯಾರೂ ಮುಟ್ಟಲಾಗುವುದಿಲ್ಲ. ನೇರ ಹೋಗಲೇಬೇಕಾದ ಪೇಜಿದ್ದರೆ ಅದನ್ನು ಮೊದಲೇ ಹೆಸರಿಸಿ ಬಿಟ್ಟುಕೊಡಬಹುದು. ಅದಕ್ಕಾಗಿ ಅತ್ತಿಗೆ ಮತ್ತೆ ರೂಮು ರೂಮು ಸುತ್ತಿದರು. "ಯಾವ ಪೇಜು ನೇರ ಬೇಕು, ಈಗ್ಲೇ ಹೇಳಿ."

ಎಲ್ಲರದ್ದೂ ಒಂದೇ ಉತ್ತರ. "ಯಾವುದೂ ಇಲ್ಲ ಮೇಡಂ."

ಬೇಕು ಅಂದರೆ ಇಷ್ಟು ದಿನ ಟಿಕ್ ತೆಗೆದಿದ್ದು ತಾನೇ ಅಂತ ಒಪ್ಪಿಕೊಂಡ ಹಾಗಲ್ಲವೇ? ತೆಗೆದವನು ಸಿಕ್ಕರೆ ಮನೆಗೆ ಕಳಿಸುತ್ತೇನೆ ಅಂತ ಮ್ಯಾನೇಜರ್ ಬೇರೆ ಗುಡುಗಿದ್ದ. ಅತ್ತಿಗೆ ನಿಯಮ ಕಳಿಸಿದರು.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಲಾರಿಗಳು ನಿಂತವು. ಲಾರಿ ಒಳಗೆ ಬರಬೇಕಾದರೆ ಸಾಗಣೆ ಕಂಪನಿಯ ಪೇಜಿನಲ್ಲಿ ಅದರ ಬುಕಿಂಗ್ ನೋಡಬೇಕು. ಆ ಪೇಜು ತೆರೆಯುತ್ತಿಲ್ಲ. ಒಂದರ ಹಿಂದೆ ಒಂದು ಲಾರಿ ಬಂದು ರಸ್ತೆಯ ತಿರುವು ದಾಟಿ ಸಾಲುಗಟ್ಟಿತು. ಒಳಗಿರುವುದು ಮಂಜುಗಡ್ಡೆಯಲ್ಲಿಟ್ಟ ಮಾಲು, ಬಿಸಿಲೇರುತ್ತಿದೆ, ಡ್ರೈವರುಗಳ ಹಾರ್ನಿಗೆ ಕಿವಿ ಕಿತ್ತುಹೋಗುವಂತಾಯಿತು. ನನ್ನ ಪಿತ್ತ ನೆತ್ತಿಗೇರಿ ಅತ್ತಿಗೆಯ ರೂಮಿಗೆ ನುಗ್ಗಿದೆ.

"ಏನ್ ಮಾಡಿಟ್ಟಿದೀರ ನೀವು? ಮಾಲೆಲ್ಲ ನೀರಾಗ್ತಿದೆ ಅಲ್ಲಿ!"

"ಬಾಯಿ ಆಮೇಲೆ. ಯಾವ ಪೇಜು?"

"ನನಗೇನ್ ಗೊತ್ತು ಪೇಜು!"

"ಮತ್ತೆ ಗೊತ್ತಿರೋನ ಹತ್ರ ನಡೀರಿ."

ಗೇಟಿನ ಗುಮಾಸ್ತನನ್ನು ನಾವು ಮಫ್ಲರ್ ಅನ್ನುತ್ತೇವೆ. ಬೇಸಿಗೆಯಲ್ಲೂ ಕುತ್ತಿಗೆಗೆ ಸುತ್ತಿಕೊಂಡೇ ಇರುತ್ತಾನೆ. ಎಷ್ಟು ಕೇಳಿದರೂ ಆಸಾಮಿ "ಗೊತ್ತಿಲ್ಲ ಮೇಡಂ, ನಿನ್ನೆವರೆಗೂ ತಾನಾಗೇ ಬರ್ತಿತ್ತು" ಅಂತಲೇ ಹೇಳಿದ. ನಾನು ಆ ಮಫ್ಲರಿಗೇ ಕೈ ಹಾಕಿದೆ. ಅತ್ತಿಗೆ ನನ್ನ ಕೈ ಬಿಡಿಸಿ ಕಿಟಕಿಯ ಬಾಗಿಲು ಎಳೆದುಕೊಂಡರು.

"ನೋಡಪ್ಪ, ನೀನು ಟಿಕ್ ತೆಗೀತಿದ್ದೆ ಅನ್ನೋದು ನನ್ನ ಬಾಯಿಂದ ಮ್ಯಾನೇಜರ್‌ಗೆ ಹೋಗಲ್ಲ. ನಾನು ಕೇಳಿದ್ದಕ್ಕೆ ಇಲ್ಲ ಅಂದಿದ್ದೂ ಹೋಗಲ್ಲ. ನನ್ನ ಮಗಳಾಣೆ. ಪೇಜು ಹೇಳು."

ಮಫ್ಲರ್ ಪೇಜಿನ ಹೆಸರು ಹೇಳಿದ. ಅತ್ತಿಗೆ ಆ ಮಂಡಿಯಲ್ಲೇ ದಾಪುಗಾಲು ಹಾಕಿ ರೂಮಿಗೆ ಹೋಗಿ ಆ ಪೇಜನ್ನು ಸೇರಿಸಿದರು. ಗೇಟಿನ ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದ ಮೇಲೆ ಬುಕಿಂಗ್ ಬಂತು. ಮೊದಲ ಲಾರಿ ಒಳಗೆ ಬಂದಾಗ ಅದರ ಹಿಂಬಾಗಿಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಷ್ಟು ಹೊತ್ತು ಎಲ್ಲಿದ್ದನೋ, ಎಲ್ಲ ಮುಗಿದ ಮೇಲೆ ಮ್ಯಾನೇಜರ್ ಬಂದು ನಮ್ಮನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿದ.

"ಏನ್ ಮೇಡಂ, ಬೀಗ ಹಾಕೋ ಮುಂಚೆ ಯಾರಿಗೆ ಯಾವುದು ಬೇಕು ಅಂತ ಕೇಳೋ ಬುದ್ಧಿ ಬೇಡ್ವಾ?"

ಅತ್ತಿಗೆ ಊದಿದ ಮಂಡಿಯ ಭಾರವನ್ನು ಇನ್ನೊಂದು ಕಾಲಿಗೆ ಹಾಕಿದರು.

"ಕೇಳಿದ್ರೋ ಇಲ್ವೋ?"

ಸುಳ್ಳು ಹೇಳಲು ಅವರಿಗೆ ಬರುವುದಿಲ್ಲ, ನಿಜ ಹೇಳಿದರೆ ಮಫ್ಲರ್ ಸಿಕ್ಕಿಬೀಳುತ್ತಾನೆ. ಮಫ್ಲರ್ ನೆಲ ನೋಡುತ್ತಿದ್ದ. ಒಂದು ಮಾತು, "ಕೇಳಿದ್ರು ಸಾರ್, ನಾನೇ ಹೇಳ್ಲಿಲ್ಲ" ಅಂತ ಅವನೇ ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ನಾನು ಬಾಯಿ ತೆರೆದೆ. ಅತ್ತಿಗೆ ನನ್ನ ಕಾಲನ್ನು ಬಲವಾಗಿ ತುಳಿದರು. ನನ್ನದು ಕಬ್ಬಿಣದ ಮೂತಿಯ ಬೂಟು, ನೋವಾಗಿದ್ದು ಅವರಿಗೇ.

"ತಪ್ಪಾಯ್ತು ಸಾರ್," ಅಂದರು.

"ಕಾಯಂ ಮಾತು ಸದ್ಯಕ್ಕೆ ಬೇಡ," ಅಂದು ಮ್ಯಾನೇಜರ್ ಹೋದ.

ಮನೆಗೆ ಬರುವಾಗ ಬಸ್ಸಿನ ತುಂಬ ಕೇಳುವ ಹಾಗೆ ಕೂಗಾಡಿದೆ. "ಆ ಕಳ್ಳನ ಮುಖ ನೋಡಿ ನಿಮ್ಮ ಮಂಡಿ ಬಲಿ ಕೊಟ್ರಲ್ಲ! ನೀವೇನು ಸನ್ಯಾಸಿನಾ?"

"ಸನ್ಯಾಸಿ ಆಗಿದ್ರೆ ನಿಮ್ಮ ಪಕ್ಕ ಯಾಕೆ ಕೂರ್ತಿದ್ದೆ? ಅವನ ಹೆಸರು ಹೇಳಿದ್ರೆ ಅವನು ಮನೆಗೆ ಹೋಗ್ತಿದ್ದ. ಉಳಿದವ್ರು ಬಾಯಿಗೆ ಬೀಗ ಹಾಕ್ಕೋತಿದ್ರು. ನಾಳೆ ತೂಕದ ಪೇಜು ನಿಂತ್ರೆ ಯಾರನ್ನ ಕೇಳ್ಲಿ, ನಿಮ್ಮ ಫೋರ್ಕ್‌ಲಿಫ್ಟನ್ನಾ?"

ಅವರ ಲೆಕ್ಕ ತಪ್ಪಲಿಲ್ಲ, ಅದೇ ನನಗೆ ಇನ್ನೂ ಸಿಟ್ಟು ಬರಿಸುವ ವಿಷಯ. ಮರುದಿನದಿಂದ ಒಬ್ಬೊಬ್ಬರೇ ಅವರ ರೂಮಿಗೆ ಬಂದು, ಬಾಗಿಲು ಮುಂದೆ ಮಾಡಿ, ತಮ್ಮ ತಮ್ಮ ಪೇಜು ಪಿಸುಗುಟ್ಟಿ ಹೋದರು. ತೂಕದವರು ಬಂದರು, ಲೆಕ್ಕದವರು ಬಂದರು. ಚೌಕ ಮಸುಕಾಗಿಯೇ ಇದೆ, ಒಂದು ಲಾರಿಯೂ ನಿಂತಿಲ್ಲ. ಮಫ್ಲರ್ ಬೇರೆ ಕಡೆ ಕೆಲಸ ಹಿಡಿದು ಹೋಗಿದ್ದಾನೆ, ಇಲ್ಲದಿದ್ದರೆ ಇದನ್ನು ಬರೆಯಲೂ ಅತ್ತಿಗೆ ಬಿಡುತ್ತಿರಲಿಲ್ಲ.

ಮೊನ್ನೆ ಅವರು ಕಾಯಂ ವಿಷಯ ಕೇಳಲು ಹೋದರು. ಮ್ಯಾನೇಜರ್ ನಕ್ಕನಂತೆ. "ಈಗ ಯಾವ ಕಂಪ್ಯೂಟರೂ ತೊಂದ್ರೆ ಕೊಡ್ತಿಲ್ವಲ್ಲ ಮೇಡಂ, ಈ ಕೆಲಸಕ್ಕೆ ಕಾಯಂ ಆಳು ಯಾಕೆ?"

ಇದನ್ನು ಅವರು ಹೇಳಿದ್ದು ನಮ್ಮ ಮನೆಯ ಮೆಟ್ಟಿಲಿನಲ್ಲಿ, ಮಧ್ಯದಲ್ಲಿ ಕೂತು ಮಂಡಿ ನೀವಿಕೊಳ್ಳುತ್ತಾ. ಅವನ ವಂಶವನ್ನೆಲ್ಲ ಜಾಲಾಡುತ್ತಾ ನಾನು ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದೆ.

"ಬೈಯೋದು ಮುಗೀತಾ?" ಅಂದರು ಅತ್ತಿಗೆ. "ಮುಗಿದಿದ್ರೆ ಕೈ ಕೊಡಿ, ಏಳ್ಬೇಕು."